ಕೈ ತಾನಾಗಿ ಹೋಗುವುದಿಲ್ಲ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪದವಿಯ ಕೊನೆಯ ವರ್ಷ ಓದುತ್ತಿದ್ದೇನೆ. ಒಂಬತ್ತು ವರ್ಷಗಳ ಹಿಂದೆ ನನ್ನ ಅಕ್ಕನನ್ನು ನಮ್ಮ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದರು. ಚಿತ್ತಾಪುರ ತಾಲ್ಲೂಕಿನ ಹಳ್ಳಿ. ಅಕ್ಕನ ಅತ್ತೆ ಎಂದರೆ ನಮ್ಮ ಸ್ವಂತ ಅಜ್ಜಿ. ಮಾವನಿಗೆ ನಾಲ್ಕು ಎಕರೆ ತೊಗರಿ ಹೊಲವಿದೆ, ಟಂಟಂ ಆಟೊ ಓಡಿಸುತ್ತಾರೆ, ಊರಿನಲ್ಲಿ ಒಳ್ಳೆಯ ಹೆಸರಿದೆ. ಆದರೆ ಅಕ್ಕನಿಗೆ ಹೊಡೆಯುತ್ತಾರೆ. ಕುಡಿದಾಗ ಹೆಚ್ಚು. ಯಾರ ಜೊತೆ ಮಾತನಾಡಿದ್ದಾಳೆ ಎಂದು ಮೊಬೈಲ್ ತೆಗೆದು ನೋಡುತ್ತಾರೆ. ಅಕ್ಕ ಮೂರು ಸಲ ತವರಿಗೆ ಬಂದಳು. ಎರಡು ಸಲ ಹಿರಿಯರು ಕುಳಿತು ರಾಜಿ ಮಾಡಿಸಿ ಕಳಿಸಿದರು, ಮೂರನೆಯ ಸಲ ಅವಳೇ ಹೊರಟುಹೋದಳು. ಎರಡು ತಿಂಗಳ ಹಿಂದೆ ಕತ್ತು ಹಿಸುಕಿದ್ದರಂತೆ, ಗುರುತೇನೂ ಉಳಿದಿಲ್ಲ. ಅವ್ವನಿಗೆ ಹೇಳಿದರೆ ‘ಅವನು ನನ್ನ ಒಡಹುಟ್ಟಿದವನು, ನಾನು ಯಾರ ಕಡೆ ನಿಲ್ಲಲಿ’ ಎಂದು ಅಳುತ್ತಾಳೆ. ಅಕ್ಕನ ಏಳು ವರ್ಷದ ಮಗ ಈಗೀಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ. ಮಾವನಿಗೆ ಮಾನಸಿಕ ಕಾಯಿಲೆ ಇದೆಯೇ? ಕುಡಿತ ಬಿಡಿಸಿದರೆ ಸರಿಹೋಗುತ್ತಾರೆಯೇ? ಅಕ್ಕ ಪಿಯುಸಿ ಓದಿದವಳು, ಆದರೂ ಯಾಕೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾಳೆ? ನಿಜ ಹೇಳಬೇಕೆಂದರೆ ನನಗೆ ಈಗ ಅವಳ ಮೇಲೂ ಸಿಟ್ಟು ಬರುತ್ತಿದೆ.

ಉತ್ತರ: ತಂಗೀ, ನೀವು ಒಂದೇ ವಾಕ್ಯದಲ್ಲಿ ಹೇಳಿ ದಾಟಿಹೋದ ವಿಷಯದಿಂದ ಶುರುಮಾಡುತ್ತೇನೆ. ‘ಕತ್ತು ಹಿಸುಕಿದ್ದರಂತೆ, ಗುರುತೇನೂ ಉಳಿದಿಲ್ಲ.’ ನಿಮ್ಮ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ ಸಾಲು ಇದು. ಕಪಾಳಕ್ಕೆ ಹೊಡೆದದ್ದು, ಕೂದಲು ಹಿಡಿದು ಎಳೆದದ್ದು, ಕತ್ತು ಹಿಸುಕಿದ್ದು ಇವನ್ನೆಲ್ಲ ನಾವು ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಹೊಡೆತ’ ಎಂದುಬಿಡುತ್ತೇವೆ. ಆದರೆ ಕತ್ತಿಗೆ ಕೈ ಹಾಕುವುದು ಬೇರೆಯೇ ಜಾತಿಯ ಹಿಂಸೆ. ಗಂಡ ಅಥವಾ ಸಂಗಾತಿಯಿಂದ ಕೊಲೆಯಾದ ಮಹಿಳೆಯರ ಬಗ್ಗೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ಒಮ್ಮೆ ಕತ್ತು ಹಿಸುಕಿಸಿಕೊಂಡಿದ್ದ ಹೆಂಗಸು ಮುಂದೆ ಅದೇ ಗಂಡಸಿನ ಕೈಯಲ್ಲಿ ಸಾಯುವ ಸಂಭವ ಸುಮಾರು ಏಳು ಪಟ್ಟು ಹೆಚ್ಚಿತ್ತು. ಹೊರಗೆ ಗುರುತು ಉಳಿಯದಿರುವುದು ಇಲ್ಲಿ ಸಾಮಾನ್ಯ, ಅದರಿಂದ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕತ್ತಿನ ರಕ್ತನಾಳದ ಒಳಪದರಕ್ಕೆ ಪೆಟ್ಟಾದರೆ ಕೆಲವು ದಿನಗಳ ನಂತರ, ಕೆಲವೊಮ್ಮೆ ವಾರಗಳ ನಂತರವೂ, ಲಕ್ವ ಹೊಡೆಯಬಹುದು.

ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಮಧ್ಯಾಹ್ನ ಹೆಣ್ಣುಮಗಳೊಬ್ಬಳು ಆಪ್ತಸಮಾಲೋಚನೆಗೆಂದು ಬಂದು ನನ್ನ ಮುಂದೆ ಕುಳಿತಿದ್ದಳು. ನಮ್ಮ ಕಲಬುರಗಿಯ ಮೇ ತಿಂಗಳು ನಿಮಗೆ ಗೊತ್ತು, ಫ್ಯಾನಿನ ಗಾಳಿಯೂ ಸುಡುತ್ತದೆ. ಅವಳು ಮಾತ್ರ ಸೆರಗನ್ನು ಕತ್ತಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಗಂಟಲು ಕಟ್ಟಿತ್ತು. ನೆಗಡಿಯಾಗಿದೆ ಎಂದಳು. ನೀರು ಕೊಟ್ಟರೆ ಗುಟುಕು ನುಂಗಲು ಕಷ್ಟಪಟ್ಟಳು. ಎಡಗಣ್ಣಿನ ಬಿಳಿಯಲ್ಲಿ ಗಸಗಸೆ ಕಾಳಿನಷ್ಟು ಕೆಂಪು ಚುಕ್ಕೆಗಳಿದ್ದವು. ಬರೀ ನೆಗಡಿಯಿಂದ ಕಣ್ಣಿನೊಳಗೆ ಹಾಗೆ ರಕ್ತ ಒಡೆಯುವುದು ಅಪರೂಪ. ‘ಕತ್ತಿಗೆ ಕೈ ಹಾಕಿದ್ದನೇ?’ ಎಂದು ನೇರವಾಗಿ ಕೇಳಿದೆ. ಅವಳು ಅಳಲಿಲ್ಲ. ‘ನಿಮಗೆ ಯಾರು ಹೇಳಿದರು?’ ಎಂದು ಕೇಳಿದಳು. ನಿಮ್ಮ ಅಕ್ಕನನ್ನೂ ನೀವು ಹೀಗೆಯೇ ನೇರವಾಗಿ ಕೇಳಬೇಕು: ಆಗ ಕಣ್ಣು ಕತ್ತಲೆ ಬಂದಿತ್ತೇ, ಎಚ್ಚರ ತಪ್ಪಿತ್ತೇ, ತಿಳಿಯದೆ ಮೂತ್ರ ಹೋಗಿತ್ತೇ, ದನಿ ಬದಲಾಗಿತ್ತೇ, ಈಗಲೂ ತಲೆನೋವು ಅಥವಾ ಕೈ ಜೋಮು ಇದೆಯೇ, ಅದಾದ ಮೇಲೆ ಮತ್ತೊಮ್ಮೆ ಹಾಗೆ ಮಾಡಿದ್ದಾರೆಯೇ. ಉತ್ತರ ಏನೇ ಇರಲಿ, ಎರಡು ತಿಂಗಳಾಗಿದ್ದರೂ ಸರಿ, ಅವಳನ್ನು ಒಮ್ಮೆ ವೈದ್ಯರಿಗೆ ತೋರಿಸಿ. ‘ಗಂಟಲು ನೋವು’ ಎನ್ನದೆ ‘ಗಂಡ ಕತ್ತು ಹಿಸುಕಿದ್ದ’ ಎಂದೇ ಹೇಳಿಸಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮತ್ತೊಮ್ಮೆ ಆದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಪೊಲೀಸರಿಗೂ ತಿಳಿಸುವ ವೈದ್ಯಕೀಯ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಬೇಕು.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ.

ಮಾವನಿಗೆ ಮಾನಸಿಕ ಕಾಯಿಲೆ ಇದೆಯೇ? ಮುಖ ನೋಡದೆ ರೋಗದ ಹೆಸರು ಹೇಳುವುದು ನನ್ನ ಧರ್ಮವಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನಾನು ಕಂಡ, ಹೆಂಡತಿಗೆ ಹೊಡೆಯುವ ಗಂಡಸರಲ್ಲಿ ಹೆಚ್ಚಿನವರಿಗೆ ಔಷಧ ಕೊಡುವಂಥ ಮನೋರೋಗ ಇರಲಿಲ್ಲ. ನೀವೇ ಯೋಚಿಸಿ ನೋಡಿ. ನಿಮ್ಮ ಮಾವ ದಿನವಿಡೀ ಟಂಟಂ ಓಡಿಸುತ್ತಾರೆ. ಐದು ರೂಪಾಯಿ ಚಿಲ್ಲರೆಗೆ ಜಗಳಕ್ಕೆ ನಿಲ್ಲುವ ಪ್ರಯಾಣಿಕರು ಸಿಗುತ್ತಾರೆ, ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬೈಯುವ ಪೊಲೀಸರು ಸಿಗುತ್ತಾರೆ, ಕಂತು ತಪ್ಪಿದರೆ ಮನೆ ಬಾಗಿಲಿಗೆ ಬಂದು ನಾಲ್ಕು ಜನರೆದುರು ಮಾನ ಕಳೆಯುವ ಫೈನಾನ್ಸ್‌ನವರು ಇದ್ದಾರೆ. ಇವರಲ್ಲಿ ಎಷ್ಟು ಜನರ ಮೇಲೆ ಅವರು ಕೈ ಮಾಡಿದ್ದಾರೆ? ಊರಿನಲ್ಲಿ ಒಳ್ಳೆಯ ಹೆಸರಿದೆ ಎಂದು ನೀವೇ ಬರೆದಿದ್ದೀರಿ. ಸಿಟ್ಟು ತಡೆಯಲಾರದ ರೋಗವಿದ್ದರೆ ಅದು ಊರ ಅಗಸೆಬಾಗಿಲಲ್ಲೂ ಹೊರಬೀಳಬೇಕಿತ್ತು. ಮನೆಯ ಹೊಸ್ತಿಲು ದಾಟಿದ ಮೇಲೆ, ಒಬ್ಬಳ ಮೇಲೆ ಮಾತ್ರ, ಸೀರೆ ಮುಚ್ಚುವ ಜಾಗದಲ್ಲೇ ಬೀಳುವ ಏಟಿಗೆ ರೋಗ ಎಂಬ ಹೆಸರು ಒಪ್ಪುವುದಿಲ್ಲ.

ಒಬ್ಬ ಗಂಡಸು ನನ್ನ ಹತ್ತಿರ ಬಂದು, ಸಿಟ್ಟು ಬಂದರೆ ತನಗೆ ಮೈಮೇಲೆ ಪರಿವೆ ಇರುವುದಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುತ್ತೇನೆ ಎಂದಿದ್ದ. ಏನೇನು ಒಡೆದಿದ್ದೀರಿ ಎಂದು ಕೇಳಿ ಒಂದೊಂದಾಗಿ ಹೇಳಿಸಿದೆ. ಹೆಂಡತಿಯ ಮೊಬೈಲ್. ಹೆಂಡತಿಯ ಹೊಲಿಗೆ ಯಂತ್ರ. ಅವಳ ತವರಿನಿಂದ ಬಂದ ಹಿತ್ತಾಳೆ ಕೊಡ ನೆಗ್ಗಿತ್ತು. ನಿಮ್ಮ ಮೊಬೈಲ್ ಎಲ್ಲಿತ್ತು ಎಂದರೆ ಜೇಬಿನಲ್ಲಿ ಎಂದ. ಟಿವಿ? ಅದು ಸರಿಯಾಗಿದೆ. ಬೈಕ್? ಸರಿಯಾಗಿದೆ. ಅಲ್ಲಿಗೆ ಅವನೇ ಸುಮ್ಮನಾದ. ಪರಿವೆ ಇಲ್ಲದ ಮನುಷ್ಯ ಇಷ್ಟು ಲೆಕ್ಕ ಇಟ್ಟು ಒಡೆಯಲಾರ.

ಈ ಗಂಡಸರ ಮಾತನ್ನು ನಾನು ಬಹಳ ಗಮನವಿಟ್ಟು ಕೇಳುತ್ತೇನೆ. ನಮ್ಮ ಕನ್ನಡ ಅವರಿಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ‘ಸಿಟ್ಟು ಬಂತು, ಮಾತಿಗೆ ಮಾತು ಬೆಳೆಯಿತು, ಕೈ ಹೋಯಿತು, ಏಟು ಬಿತ್ತು’ ಎನ್ನುತ್ತಾರೆ. ಈ ಇಡೀ ಕಥೆಯಲ್ಲಿ ‘ನಾನು’ ಎಂಬ ಪದವೇ ಇಲ್ಲ. ಸಿಟ್ಟು ಎಲ್ಲಿಂದಲೋ ಬಂತು, ಕೈ ತಾನಾಗಿ ಹೋಯಿತು, ಏಟು ಮಳೆ ಬಿದ್ದ ಹಾಗೆ ಬಿತ್ತು. ಹೊಡೆಸಿಕೊಂಡವಳೂ ಅದೇ ವ್ಯಾಕರಣ ಕಲಿತಿರುತ್ತಾಳೆ: ‘ಸ್ವಲ್ಪ ಮಾತಾಯಿತು ರೀ.’ ಗಂಡಸರೊಂದಿಗೆ ಕೆಲಸ ಮಾಡುವಾಗ ತಿಂಗಳುಗಟ್ಟಲೆ ನಾನು ಕಾಯುವುದು ಒಂದೇ ವಾಕ್ಯಕ್ಕೆ. ‘ನಾನು ಅವಳನ್ನು ಹೊಡೆದೆ.’ ಇದರ ಹಿಂದೆ ‘ಆದರೆ’ ಇರಬಾರದು. ಬಹಳ ಜನರ ಬಾಯಿಂದ ಅದು ಹೊರಡುವುದೇ ಇಲ್ಲ. ಹೊರಟವರಲ್ಲಿ ಕೆಲವರು ನಿಜಕ್ಕೂ ಬದಲಾದದ್ದನ್ನು ನೋಡಿದ್ದೇನೆ.

ಕುಡಿತದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಎಲ್ಲರೂ ಹಿಡಿದುಕೊಳ್ಳುವ ಹಗ್ಗ ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಪದೇ ಪದೇ ಕುಡಿದು ಬರುವ ಗಂಡಂದಿರ ಹೆಂಡತಿಯರಲ್ಲಿ ಶೇ 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಕುಡಿತ ಕಿಚ್ಚಿಗೆ ಎಣ್ಣೆ ಹೊಯ್ಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ, ಒಂದು ಹನಿಯನ್ನೂ ಮುಟ್ಟದ ಗಂಡಂದಿರ ಹೆಂಡತಿಯರಲ್ಲೂ ಶೇ 23ರಷ್ಟು ಮಂದಿ ಅಂಥದೇ ಹಿಂಸೆ ಅನುಭವಿಸಿದ್ದಾರೆ. ಕಿಚ್ಚು ಬೇರೆಲ್ಲೋ ಇದೆ ಎಂದಾಯಿತು. ಕುಡಿತ ಬಿಡಿಸಿ, ಖಂಡಿತ ಬಿಡಿಸಿ, ಹೊಡೆತ ಕಡಿಮೆಯಾಗಬಹುದು. ಆದರೆ ‘ಕುಡಿತ ಬಿಟ್ಟಿದ್ದಾನೆ, ಇನ್ನು ಕಳಿಸಬಹುದು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಾಯಿಲೆಯ ಪ್ರಶ್ನೆಯಲ್ಲಿ ಒಂದು ಮಾತು ಉಳಿದಿದೆ. ಮೊಬೈಲ್ ತೆಗೆದು ನೋಡುತ್ತಾರೆ ಎಂದಿದ್ದೀರಿ. ಬರೀ ಹತೋಟಿಗಾಗಿ ನೋಡುವವರೇ ಹೆಚ್ಚು. ಆದರೆ ವರ್ಷಗಟ್ಟಲೆ ಕುಡಿದವರಲ್ಲಿ ಕೆಲವರಿಗೆ ಸಂಶಯವೇ ರೋಗವಾಗಿ ಬೆಳೆಯುತ್ತದೆ. ಹೆಂಡತಿಯ ಬಟ್ಟೆ ಮೂಸಿ ನೋಡುವುದು, ಹೊಲಕ್ಕೆ ಹೋದರೆ ಹಿಂದೆಯೇ ಹೋಗಿ ಅಡಗಿ ಕೂರುವುದು, ಮಗು ನನ್ನದಲ್ಲ ಎನ್ನುವುದು, ಎಷ್ಟು ಸಾಕ್ಷಿ ಕೊಟ್ಟರೂ ನಂಬದಿರುವುದು. ಇದು ಔಷಧಕ್ಕೆ ಬಗ್ಗುವ ರೋಗ, ಹಾಗೆಯೇ ಬಿಟ್ಟರೆ ಜೀವಕ್ಕೆ ಅಪಾಯ ತರುವ ರೋಗ. ಅಂಥ ಲಕ್ಷಣವಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆ ಇದೆ. ಚಿತ್ತಾಪುರದ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಿ.

ರೋಗವಲ್ಲ, ಬರೀ ಕುಡಿತವೂ ಅಲ್ಲ ಎಂದ ಮೇಲೆ ಮತ್ತೇನು? ಹೆಂಡತಿ ತನ್ನ ಅಂಕೆಯಲ್ಲಿರಬೇಕು, ಮೀರಿದರೆ ತಿದ್ದುವುದು ತನ್ನ ಹಕ್ಕು ಎಂಬ ನಂಬಿಕೆ ಇದರ ಬೇರು. ಅದು ನಿಮ್ಮ ಮಾವನೊಬ್ಬರದೇ ನಂಬಿಕೆಯಲ್ಲ. ಅದೇ ಸಮೀಕ್ಷೆ ಜನರ ಮುಂದೆ ಏಳು ಕಾರಣಗಳನ್ನಿಟ್ಟಿತ್ತು: ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತನಾಡಿದರೆ, ಮಲಗಲು ಒಪ್ಪದಿದ್ದರೆ, ಅಡುಗೆ ಸರಿ ಮಾಡದಿದ್ದರೆ, ನಡತೆಯ ಮೇಲೆ ಸಂಶಯ ಬಂದರೆ, ಅತ್ತೆ ಮಾವಂದಿರಿಗೆ ಗೌರವ ಕೊಡದಿದ್ದರೆ. ಇವುಗಳಲ್ಲಿ ಒಂದಕ್ಕಾದರೂ ಹೊಡೆಯುವುದು ಸರಿ ಎಂದು ಕರ್ನಾಟಕದಲ್ಲಿ ಹೇಳಿದ ಗಂಡಸರು ಶೇ 81.9. ಹೆಂಗಸರು ಶೇ 76.9. ಈ ಎರಡನೆಯ ಅಂಕಿಯನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ರೊಟ್ಟಿ ತಡವಾಯಿತು ಎಂದು ಏಟು ತಿಂದವಳು, ತಪ್ಪು ನನ್ನದೇ ರೀ ಎಂದು ನನ್ನೆದುರು ಯಾಕೆ ಹೇಳುತ್ತಾಳೆ ಎಂಬುದು ಅದರಲ್ಲಿತ್ತು. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು 2015–16ರ ಸಮೀಕ್ಷೆಯಲ್ಲಿ ಶೇ 20.6 ಇದ್ದವರು, 2019–21ರಲ್ಲಿ ಶೇ 44.4. ಬಾಯಿಬಿಟ್ಟು ಹೇಳುವವರು ಹೆಚ್ಚಾಗಿರುವುದೂ ಅದರಲ್ಲಿ ಸೇರಿರಬಹುದು. ಹಾಗಾಗಿದ್ದರೂ ಅದು ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳ ಮಾತು.

ಆ ನಂಬಿಕೆಯ ಮೇಲೆ ಬೇರೆ ಬೇರೆ ಮನಸ್ಸುಗಳು ಬೇರೆ ಬೇರೆ ಬಣ್ಣ ಬಳಿಯುತ್ತವೆ. ತಾಯಿಯನ್ನು ತಂದೆ ಹೊಡೆಯುವುದನ್ನು ನೋಡಿ ಬೆಳೆದ ಹುಡುಗನಿಗೆ ಸಂಸಾರ ಎಂದರೆ ಇದೇ ಎಂದು ತಲೆಯಲ್ಲಿ ಕೂತಿರಬಹುದು (ನೋಡಿ ಬೆಳೆದವರೆಲ್ಲ ಹೊಡೆಯುವುದಿಲ್ಲ, ‘ನಮ್ಮಪ್ಪನಂತೆ ಆಗಬಾರದು’ ಎಂದು ಹಟ ಹಿಡಿದು ಬಾಳಿದವರನ್ನು ಇದೇ ಜಿಲ್ಲೆಯಲ್ಲಿ ಬಹಳ ಮಂದಿ ಕಂಡಿದ್ದೇನೆ). ಕೆಲವರಿಗೆ ಒಳಗೊಳಗೇ ಬಿಟ್ಟುಹೋಗುತ್ತಾಳೆ ಎಂಬ ದಿಗಿಲು. ಕೆಲವರಿಗೆ ಹೊರಗೆ ಆದ ಅವಮಾನವನ್ನು ಒಳಗೆ ತೀರಿಸಿಕೊಳ್ಳುವ ಚಾಳಿ. ತೊಗರಿಗೆ ಹುಳು ಬಿದ್ದ ವರ್ಷ, ಗುಳೆ ಹೋಗಿ ಬರಿಗೈಯಲ್ಲಿ ಬಂದ ವರ್ಷ ನನ್ನ ಹತ್ತಿರ ಬರುವ ಹೆಂಗಸರು ಹೆಚ್ಚುತ್ತಾರೆ. ಬಡತನದ ಸಂಕಟ ಸುಳ್ಳಲ್ಲ. ಆದರೆ ಅದೇ ಸಾಲ, ಅದೇ ಹುಳು ಹೆಂಡತಿಯ ಪಾಲಿಗೂ ಬಂದಿರುತ್ತದಲ್ಲ?

ಈಗ ಅಕ್ಕ. ‘ಯಾಕೆ ಮತ್ತೆ ಹೋಗುತ್ತಾಳೆ’ ಎಂಬುದೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ಪತ್ರ ಓದಿದರೆ ತಿಳಿಯುತ್ತದೆ. ಅವಳ ಮೇಲಿನ ಸಿಟ್ಟಿಗೆ ನಾಚಿಕೊಳ್ಳಬೇಡಿ. ಪ್ರೀತಿಸುವವರಿಗೆಲ್ಲ ಅದು ಬರುತ್ತದೆ. ಅವಳಿಗೆ ಮಾತ್ರ ಅದು ಕಾಣದಿರಲಿ.

ಮಟಕಾ ಆಡುವವರನ್ನು ನೀವು ನೋಡಿರುತ್ತೀರಿ. ಪ್ರತಿ ಸಲವೂ ಸೋಲುವಂತಿದ್ದರೆ ಯಾರೂ ಎರಡನೆಯ ವಾರ ಆಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ನಂಬರ್ ಹತ್ತುವುದರಿಂದಲೇ ಮನೆಗಳು ಹಾಳಾಗುತ್ತವೆ. ಹೊಡೆದ ಮರುದಿನದ ಗಂಡ ಹಾಗೆಯೇ. ಕಾಲು ಹಿಡಿಯುತ್ತಾನೆ, ಕಲಬುರಗಿಯಿಂದ ಮಾಲ್ಪುರಿ ಕಟ್ಟಿಸಿಕೊಂಡು ಬರುತ್ತಾನೆ, ಸೋಮವಾರ ಶರಣಬಸವೇಶ್ವರ ಗುಡಿಗೆ ಕರೆದುಕೊಂಡು ಹೋಗಿ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡುತ್ತಾನೆ. ಆ ಎಂಟು ದಿನ ಅವನು ನಟಿಸುತ್ತಾನೆ ಎಂದೂ ಹೇಳಲಾರೆ, ಎಷ್ಟೋ ಸಲ ಆಗ ಅವನೂ ನಂಬಿರುತ್ತಾನೆ. ಆಮೇಲೆ ಮನೆಯಲ್ಲಿ ಗಾಳಿ ಬಿಗಿಯುತ್ತದೆ, ಎಲ್ಲರೂ ಹೆಜ್ಜೆ ಸಪ್ಪಳ ಕೇಳಿ ನಡೆಯುತ್ತಾರೆ, ಮತ್ತೆ ಏಟು. ಈ ಸುತ್ತನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಗುರುತಿಸಿದರು. ನೋವು ಕೊಡುವ ಕೈಯೇ ನೋವಿಗೆ ಎಣ್ಣೆಯನ್ನೂ ಹಚ್ಚಿದರೆ ಮನಸ್ಸು ಆ ಕೈಗೆ ಇನ್ನಷ್ಟು ಅಂಟಿಕೊಳ್ಳುತ್ತದೆ ಎಂಬುದನ್ನು 1981ರಲ್ಲಿ ಡಟನ್ ಮತ್ತು ಪೇಂಟರ್ ಎಂಬ ಇಬ್ಬರು ಸಂಶೋಧಕರು ವಿವರಿಸಿದರು. ನಿಮ್ಮ ಅಕ್ಕನಿಗೆ ಬುದ್ಧಿ ಕಡಿಮೆ ಎಂದಲ್ಲ. ಒಂಬತ್ತು ವರ್ಷದಲ್ಲಿ ಆ ಒಳ್ಳೆಯ ದಿನಗಳೂ ನಿಜವಾಗಿಯೇ ಬಂದಿವೆ, ಅವಳು ಹುಡುಕಿಕೊಂಡು ಹೋಗುವುದು ಆ ದಿನಗಳ ಗಂಡನನ್ನು. ಎಲ್ಲ ಮನೆಗಳೂ ಹೀಗೆಯೇ ಇರುವುದಿಲ್ಲ. ಕ್ಷಮೆ ಕೇಳುವ ಗೊಡವೆಗೇ ಹೋಗದ ಗಂಡಸರೂ ಇದ್ದಾರೆ.

ಇನ್ನೊಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನೀವು ಮಾಡಬೇಕಾದ ಕೆಲಸ ಅದರಲ್ಲಿದೆ. 1967ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಪ್ರಯೋಗಾಲಯದ ನಾಯಿಗಳಲ್ಲಿ ಒಂದು ವಿಷಯ ಕಂಡರು. ಏನು ಮಾಡಿದರೂ ವಿದ್ಯುತ್ ಆಘಾತ ತಪ್ಪದಂತೆ ಕಟ್ಟಿಹಾಕಿದ್ದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ತಪ್ಪಿಸಿಕೊಳ್ಳಲು ದಾರಿ ಕೊಟ್ಟಾಗಲೂ ಏಳದೆ ಬಿದ್ದುಕೊಂಡೇ ಇದ್ದವು. ಅಸಹಾಯಕತೆಯನ್ನು ಅವು ಕಲಿತಿವೆ ಎಂದರು. ಹೊಡೆಸಿಕೊಳ್ಳುವ ಹೆಂಗಸರ ಬಗ್ಗೆಯೂ ಈ ಮಾತನ್ನೇ ದಶಕಗಳ ಕಾಲ ಹೇಳುತ್ತ ಬಂದೆವು. 2016ರಲ್ಲಿ ಅದೇ ಇಬ್ಬರು, ಮಿದುಳಿನ ಮೇಲಿನ ಹೊಸ ಅಧ್ಯಯನಗಳನ್ನು ಆಧರಿಸಿ, ತಾವು ತಿಳಿದದ್ದು ತಿರುವುಮುರುವಾಗಿತ್ತು ಎಂದು ಬರೆದರು. ತಪ್ಪಿಸಿಕೊಳ್ಳಲಾಗದ ನೋವಿನ ಮುಂದೆ ಮುದುಡಿ ಸುಮ್ಮನಾಗುವುದು ಜೀವಿಗೆ ಹುಟ್ಟಿನಿಂದ ಬಂದದ್ದು. ‘ನಾನು ಮಾಡಿದರೆ ಏನಾದರೂ ಬದಲಾಗುತ್ತದೆ’ ಎಂಬುದು ಕಲಿಯಬೇಕಾದ ವಿಷಯ. ಇದನ್ನು ಓದಿದ ಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಮೊದಲೆಲ್ಲ ಹೆಂಗಸರಿಗೆ ಧೈರ್ಯ ಹೇಳುತ್ತಿದ್ದೆ. ಈಗ ಅವರ ಕೈಯಲ್ಲಿ ಸಣ್ಣ ಸಣ್ಣ ತೀರ್ಮಾನಗಳನ್ನು ಇಡುತ್ತೇನೆ. ನಿಮ್ಮ ಅಕ್ಕ ತನ್ನ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿ ಒಂದು ಖಾತೆ ತೆರೆಯಲಿ. ಆಧಾರ್, ಮಗನ ಜನನ ಪ್ರಮಾಣಪತ್ರ, ಪಿಯುಸಿ ಅಂಕಪಟ್ಟಿಯ ನಕಲುಗಳನ್ನು ನಿಮ್ಮ ಹಾಸ್ಟೆಲ್ ಟ್ರಂಕಿನಲ್ಲಿ ಇಡಿಸಲಿ. ತಿಂಗಳಿಗೊಮ್ಮೆ ಒಬ್ಬಳೇ ಬಸ್ಸಿನಲ್ಲಿ ಕಲಬುರಗಿಗೆ ಬಂದು ಹೋಗಲಿ. 2023ರ ಜೂನ್‌ನಿಂದ ನಮ್ಮ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ತವರಿಗೆ ಹೋಗಲು ಬಸ್ ಚಾರ್ಜಿಗೂ ಗಂಡನ ಮುಂದೆ ಕೈಯೊಡ್ಡುತ್ತಿದ್ದ ಹೆಂಗಸರನ್ನು ಕಂಡ ನನಗೆ ಇದು ಸಣ್ಣ ವಿಷಯವಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ನಿಮ್ಮ ಅಜ್ಜಿಯ ಹೆಸರಿಗೆ ಬರುತ್ತಿರಬಹುದು, ಕೂಡುಕುಟುಂಬದ ರೇಷನ್ ಕಾರ್ಡಿನಲ್ಲಿ ಯಜಮಾನಿ ಹೆಚ್ಚಾಗಿ ಅತ್ತೆಯೇ. ಅಂದರೆ ಅಕ್ಕನ ಕೈಯಲ್ಲಿ ದುಡ್ಡಿಲ್ಲ. ಮನೆಯಲ್ಲೇ ಕೂತು ಮಾಡುವ ಹೊಲಿಗೆಯೋ, ಸ್ವಸಹಾಯ ಸಂಘದ ಸದಸ್ಯತ್ವವೋ ಅವಳಿಗೆ ದುಡ್ಡಿಗಿಂತ ಹೆಚ್ಚಿನದನ್ನು ಕೊಡುತ್ತದೆ.

ಅವಳು ಹಿಂತಿರುಗುವುದರಲ್ಲಿ ಲೆಕ್ಕಾಚಾರವೂ ಇದೆ ಎಂಬುದನ್ನು ಮರೆಯಬೇಡಿ. ಸೋದರಮಾವನಿಗೆ ಕೊಟ್ಟ ಹುಡುಗಿಗೆ ತವರು ಎಂಬುದು ಅರ್ಧವೇ ಇರುತ್ತದೆ. ಬೇರೆ ಹೆಣ್ಣುಮಕ್ಕಳು ಅತ್ತೆಯ ಮನೆಯಿಂದ ತಾಯಿಯ ಮನೆಗೆ ಓಡಿಬರುತ್ತಾರೆ. ನಿಮ್ಮ ಅಕ್ಕ ಓಡಿಬಂದರೆ ತಾಯಿಯ ತವರೇ ಮುರಿಯುತ್ತದೆ, ನಿಮ್ಮ ಅವ್ವನಿಗೆ ಪಂಚಮಿಗೆ ಹೋಗಲು ಮನೆಯಿಲ್ಲದಂತಾಗುತ್ತದೆ, ಅಜ್ಜಿಯ ಕಣ್ಣೀರು ಬೇರೆ. ಒಂಬತ್ತು ವರ್ಷ ಆ ಹುಡುಗಿ ತನ್ನ ಮೈಯನ್ನು ಅಡ್ಡ ಇಟ್ಟು ಎರಡು ಮನೆಗಳನ್ನು ಕೂಡಿಸಿ ಹಿಡಿದಿದ್ದಾಳೆ. ಅದರ ಮೇಲೆ, ಬಿಟ್ಟು ಹೊರಟ ಗಳಿಗೆಯೂ ಹೊರಟ ನಂತರದ ಕೆಲವು ತಿಂಗಳೂ ಇಂಥ ಸಂಸಾರಗಳಲ್ಲಿ ಅತಿ ಹೆಚ್ಚು ಅಪಾಯದ ಕಾಲ. ಹತೋಟಿ ತಪ್ಪಿತು ಎಂದು ಗಂಡಸಿಗೆ ಅನಿಸುವುದು ಆಗಲೇ. ಮೂರನೆಯ ಸಲ ಅವಳೇ ಹೊರಟುಹೋದಳು ಎಂದಿರಿ. ಅದರ ಹಿಂದಿನ ವಾರ ಫೋನಿನಲ್ಲಿ ಏನು ಬೆದರಿಕೆ ಬಂದಿತ್ತು ಎಂದು ಯಾರಾದರೂ ಕೇಳಿದಿರಾ? ಮಗನನ್ನು ಕಿತ್ತುಕೊಳ್ಳುತ್ತೇನೆ ಎಂದರೋ, ನಾನೇ ಸಾಯುತ್ತೇನೆ ಎಂದರೋ, ನಿನ್ನ ತಂಗಿಯ ಕಾಲೇಜಿಗೆ ಬರುತ್ತೇನೆ ಎಂದರೋ? ಅವಳು ಜೀವ ಉಳಿಸಿಕೊಳ್ಳಲೆಂದೇ ಹೋಗಿರಬಹುದು.

ಹಿರಿಯರ ರಾಜಿಯ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಅಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಜಗಳ ಎಂದರೆ ಇಬ್ಬರೂ ಬಾಯಿ ಮಾಡುವುದು. ಒಬ್ಬರು ಹೊಡೆದು ಇನ್ನೊಬ್ಬರು ಹೊಡೆಸಿಕೊಂಡರೆ ಅದಕ್ಕೆ ಆ ಗಾದೆ ಸಲ್ಲದು. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬುದನ್ನೂ ಹೇಳುತ್ತಾರೆ, ಅದರ ಎರಡನೆಯ ಅರ್ಧವನ್ನು ಮರೆಯುತ್ತಾರೆ. ಕಟ್ಟೆಯ ಮೇಲೆ ಹತ್ತು ಗಂಡಸರು, ಎದುರಿಗೆ ಹೊಡೆದವನು, ಮೂಲೆಯಲ್ಲಿ ಸೆರಗು ಹೊದ್ದ ಹೆಣ್ಣುಮಗಳು. ‘ಏನಾಯಿತು ಹೇಳವ್ವ’ ಎಂದರೆ ಅವಳು ಏನು ಹೇಳಿಯಾಳು? ಹೇಳಿದ್ದಕ್ಕೆ ರಾತ್ರಿ ಬೆಲೆ ತೆರಬೇಕಾದವಳು ಅವಳೇ. ಇದೇ ಕಾರಣಕ್ಕೆ, ಹಿಂಸೆ ನಡೆಯುತ್ತಿರುವಾಗ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಆಪ್ತಸಮಾಲೋಚನೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಇಬ್ಬರನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕೋಣೆಯಲ್ಲಿ ನೋಡುತ್ತೇನೆ. ನಾಲ್ಕನೆಯ ಸಲ ಹಿರಿಯರು ಕೂರುತ್ತೇವೆ ಎಂದರೆ, ಅಕ್ಕನನ್ನು ಅಲ್ಲಿಗೆ ಕರೆತರಬೇಡಿ.

ಅವಳ ಜೊತೆ ನೀವು ಮಾತನಾಡುವ ರೀತಿ ಬದಲಾಗಲಿ. ‘ಬಿಟ್ಟು ಬಾ’ ಎಂದು ಒತ್ತಾಯಿಸಬೇಡಿ. ಒಬ್ಬರು ‘ಇರು’ ಎಂದು ಆಳಿದರೆ ನೀವು ‘ಬಾ’ ಎಂದು ಆಳಿದಂತಾಗುತ್ತದೆ. ‘ಅವನು ಕೆಟ್ಟವನು’ ಎಂದರೆ ಅವಳು ಅವನ ಪರ ವಾದಿಸಲು ಶುರುಮಾಡುತ್ತಾಳೆ. ‘ಇದು ನಿನ್ನ ತಪ್ಪಲ್ಲ. ನಿನ್ನ ಜೀವದ ಬಗ್ಗೆ ನನಗೆ ಭಯವಾಗುತ್ತಿದೆ. ನೀನು ಇದ್ದರೂ ಬಂದರೂ ನಾನಿದ್ದೇನೆ’ ಎಂದಷ್ಟೇ ಹೇಳಿ. ಅವಳ ಮೊಬೈಲ್ ಬೇರೆಯವರು ನೋಡುತ್ತಾರೆ ಎಂಬುದು ನೆನಪಿರಲಿ. ಈ ವಿಷಯಗಳನ್ನು ಬರೆದು ಕಳಿಸಬೇಡಿ, ನೇರ ಭೇಟಿಯಲ್ಲೇ ಮಾತನಾಡಿ. ಇಬ್ಬರ ನಡುವೆ ಒಂದು ಗುಪ್ತ ಮಾತು ಇರಲಿ. ನನ್ನ ಹತ್ತಿರ ಬಂದಿದ್ದ ಅಕ್ಕತಂಗಿಯರಿಬ್ಬರು ‘ಶೇಂಗಾ ಹಿಂಡಿ ಮುಗಿದಿದೆ’ ಎಂಬುದನ್ನು ಇಟ್ಟುಕೊಂಡಿದ್ದರು. ಅಕ್ಕ ಹಾಗೆಂದರೆ ತಂಗಿ ಕೂಡಲೇ 112ಕ್ಕೆ ಕರೆ ಮಾಡಬೇಕು. ಒಮ್ಮೆ ಆ ಮಾತು ಬಂತು, ತಂಗಿ ಕರೆ ಮಾಡಿದಳು, ಪೊಲೀಸರು ಬಂದರು. ಜಗಳ ಏರುತ್ತಿದೆ ಎನಿಸಿದಾಗ ಅಡುಗೆ ಮನೆಗೂ ಬಚ್ಚಲಿಗೂ ಹೋಗಬಾರದು, ಒಂದು ಕಡೆ ಕತ್ತಿ ಬೆಂಕಿ, ಇನ್ನೊಂದು ಕಡೆ ಹೊರಬರಲು ಬೇರೆ ಬಾಗಿಲಿಲ್ಲ. ಅಂಗಳದ ಕಡೆ ಬರಬೇಕು.

ಕಾನೂನಿನ ಬಗ್ಗೆ ನಿಮಗೆ ತಿಳಿದಿರಬೇಕಾದ್ದು ಇಷ್ಟು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದಕ್ಕೆ ವಿಚ್ಛೇದನ ಬೇಕಿಲ್ಲ, ಗಂಡನನ್ನು ಜೈಲಿಗೆ ಕಳಿಸಬೇಕೆಂದೂ ಇಲ್ಲ. ಹೊಡೆಯಬಾರದು ಎಂಬ ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಖರ್ಚಿಗೆ ಹಣ, ಮಗನನ್ನು ತನ್ನ ಬಳಿ ಇಟ್ಟುಕೊಳ್ಳುವ ಆದೇಶ ಇವನ್ನು ಮ್ಯಾಜಿಸ್ಟ್ರೇಟರಿಂದ ಪಡೆಯಬಹುದು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈ ಕಾಯ್ದೆ ಬೈಗುಳ, ಅವಮಾನ, ದುಡ್ಡು ಕೊಡದಿರುವುದನ್ನೂ ಹಿಂಸೆ ಎಂದೇ ಕರೆಯುತ್ತದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯಡಿ ದೂರು ತೆಗೆದುಕೊಂಡು ನೆರವಾಗುವ ಸಂರಕ್ಷಣಾಧಿಕಾರಿ, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ಕಾಯ್ದೆಯ ನಾಲ್ಕನೆಯ ಕಲಂ ಪ್ರಕಾರ ಯಾರು ಬೇಕಾದರೂ ಮಾಹಿತಿ ಕೊಡಬಹುದು, ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಕೇಸು ಹಾಕಲಾಗದು. ಅಂದರೆ ನೀವೂ ಕೊಡಬಹುದು. ಆದರೆ ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ಅಕ್ಕನನ್ನು ಕೇಳಿಯೇ ಕೊಡಿ. ಹಿಂಸೆಗೊಳಗಾದ ಮಹಿಳೆಯರಿಗಾಗಿಯೇ ಇರುವ ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್‌ನಲ್ಲಿ ಐದು ದಿನಗಳವರೆಗೆ ತಂಗುವ ವ್ಯವಸ್ಥೆ ಇರುತ್ತದೆ. ಮಹಿಳಾ ಸಹಾಯವಾಣಿ 181. ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಅದಕ್ಕೆ 15100. ನಿದ್ದೆಯಿಲ್ಲದೆ, ಸಾಯಬೇಕೆನಿಸಿ ಒದ್ದಾಡುವ ರಾತ್ರಿಗಳಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತನಾಡುತ್ತಾರೆ. ಅದು ಅಕ್ಕನಿಗಷ್ಟೇ ಅಲ್ಲ, ನಿಮಗೂ.

ಅವ್ವನ ಮೇಲೆ ಕೋಪ ಮಾಡಬೇಡಿ. ತಮ್ಮನನ್ನು ಎತ್ತಿ ಆಡಿಸಿದ ಕೈ ಅದು. ‘ಯಾರ ಕಡೆ ನಿಲ್ಲಲಿ’ ಎಂದು ಕೇಳಿದರೆ, ಒಬ್ಬರ ಕಡೆ ನಿಲ್ಲಬೇಕಿಲ್ಲ ಎಂದು ಹೇಳಿ. ತಮ್ಮನೊಂದಿಗೆ ಒಬ್ಬಳೇ ಕುಳಿತು ‘ನನ್ನ ಮಗಳ ಕತ್ತಿಗೆ ನೀನು ಕೈ ಹಾಕಿದ್ದು ನನಗೆ ಗೊತ್ತು’ ಎಂಬ ಒಂದು ಮಾತನ್ನು ಅವರು ಮಾತ್ರ ಹೇಳಬಲ್ಲರು. ಆದರೆ ಅಕ್ಕ ಒಪ್ಪಿದರೆ ಮಾತ್ರ, ಅದೂ ಅಕ್ಕ ಮತ್ತು ಮಗು ಆ ಮನೆಯಲ್ಲಿಲ್ಲದ ದಿನ.

ಮಗುವಿನ ವಿಷಯ ಕೊನೆಗೆ ಹೇಳುತ್ತಿದ್ದೇನೆ, ಹಗುರವೆಂದಲ್ಲ. ಏಳು ವರ್ಷದವನು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಅವನ ಮೈ ಹೇಳುತ್ತಿರುವ ಭಯ. ಬೈಯಬೇಡಿ, ಯಾರ ಮುಂದೆಯೂ ನಗಬೇಡಿ, ಹಾಸಿಗೆ ಬದಲಿಸಿ ಸುಮ್ಮನಿರಿ. ಈ ವಯಸ್ಸಿನ ಮಕ್ಕಳು ತಮ್ಮಿಂದಲೇ ಜಗಳವಾಯಿತು ಎಂದು ತಿಳಿದುಕೊಂಡಿರುತ್ತಾರೆ. ಮುಂದಿನ ಸಲ ಹಳ್ಳಿಗೆ ಹೋದಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಪ್ಪ ಅವ್ವನನ್ನು ಹೊಡೆಯುವುದು ನಿನ್ನಿಂದಲ್ಲ, ಬಿಡಿಸಲು ನಡುವೆ ಹೋಗುವುದು ನಿನ್ನ ಕೆಲಸವೂ ಅಲ್ಲ ಎಂದು ಹೇಳಿ. ಆಮೇಲೆ ಅವನ ಕೈ ಹಿಡಿದು, ಎರಡು ಮೂರು ಮನೆ ಆಚೆ ನಿಮಗೆ ನಂಬಿಕೆಯಿರುವ ಹೆಂಗಸಿನ ಬಾಗಿಲವರೆಗೆ ನಡೆಸಿಕೊಂಡು ಹೋಗಿ. ಅವರ ಮುಂದೆಯೇ, ಗಲಾಟೆಯಾದರೆ ಇಲ್ಲಿಗೆ ಓಡಿಬಾ, ಇವರು ಬಾಗಿಲು ತೆಗೆಯುತ್ತಾರೆ ಎಂದು ತೋರಿಸಿಕೊಡಿ.